ಅನಿಕುತ್ಸಳ ನೀರು

ಅಕ್ಕ ಅನಿಕುತ್ಸ ಸತ್ತ ಮೇಲೆ ಆರು ವಾರ ನಾನೇ ನೀರು ಹೊತ್ತೆ. ದಿನಾ ಬೆಳಿಗ್ಗೆ ಅವಳ ಬಾವಿಯಿಂದ ನೆರೆಮನೆಗೆ ಒಂದು ಬಕೆಟ್, ಅವಳ ಹೆಸರಿನಲ್ಲಿ. ಕೊನೆಯ ದಿನ ಸೋರೆಬುರುಡೆಯ ಹೋಳಿನಲ್ಲಿ ಮೇಣದ ಬತ್ತಿ ಹಚ್ಚಿ ಹೊಳೆಯಲ್ಲಿ ತೇಲಿಬಿಡಬೇಕು. ಅದು ಹರಿದು ಹೋದರೆ ಹೊತ್ತ ನೀರೆಲ್ಲ ಸತ್ತವರಿಗೆ ಸೇರುತ್ತದೆ. ಹೋಗದಿದ್ದರೆ ಆ ಲೋಕದಲ್ಲೂ ಅವರು ಬಾಯಾರಿಕೊಂಡೇ ಇರಬೇಕು. ಪಾದ್ರಿ ಮುಖ ಸಿಂಡರಿಸಿದರೂ ನಮ್ಮ ಕಡೆ ಯಾರೂ ಇದನ್ನು ಬಿಟ್ಟಿಲ್ಲ.

ಅಕ್ಕನಿಗೆ ಬಿಟ್ಟ ಸೋರೆಬುರುಡೆ ಹೋಗಲಿಲ್ಲ.

ಹೇಗೆ ಹೋದೀತು? ಪ್ರುಂಡಿಶ್ ಊರಿನ ದಡದಲ್ಲಿ ಜಲ್ಲಿ ಕಂಪನಿಯವರು ಅರಿನಾ ಹೊಳೆಯನ್ನೇ ಬಗೆದು ಕೆರೆಯಷ್ಟು ಗುಂಡಿ ಮಾಡಿದ್ದರು. ಬುರುಡೆ ಅದರೊಳಗೆ ಒಂದು ಸುತ್ತು ಹಾಕಿ, ಬತ್ತಿ ಉರಿಯುತ್ತಲೇ, ವಾಪಸ್ ಬಂದು ನನ್ನ ಕಾಲಿಗೆ ತಾಗಿತು. ತಳ್ಳಿದೆ. ಮತ್ತೆ ಬಂತು. ಮೈ ಜುಮ್ಮೆಂದಿತು. ಆಮೇಲೆ ಕೆಂಡದಂಥ ಸಿಟ್ಟು ಬಂತು.

"ನೋಡಿ ಭಾವ, ಕಣ್ತುಂಬ ನೋಡಿ! ಈ ಗುಂಡಿಗೆ ಕೌನ್ಸಿಲ್‌ನಲ್ಲಿ ಕೈ ಎತ್ತಿದೋರು ಯಾರು? ನೀವೇ ತಾನೇ?"

ಅಕ್ಕನ ಗಂಡ ಪರ್ವು ಟೋಪಿ ಹಿಸುಕುತ್ತ ನಿಂತಿದ್ದರು. "ರಸ್ತೆ ಮಾಡ್ಕೊಡ್ತೀವಿ ಅಂದಿದ್ರು ಕಣೇ, ಸ್ಮರಂದಾ. ಮೇಲೆ ನಿಮ್ಮೂರಲ್ಲಿ ಬಿಟ್ರೆ ಆಗಲ್ವಾ?"

"ಅಲ್ಲಿಂದ ಬಿಟ್ರೂ ಇಲ್ಲೇ ಬಂದು ಸಿಕ್ಕೊಳ್ಳುತ್ತೆ. ಹೊಳೆ ಏನು ನಿಮ್ಮ ರಸ್ತೇಲಿ ಹೋಗುತ್ತಾ?"

ಆ ಸಂಜೆ ಅವರ ಮನೆಯಲ್ಲೇ ಉಳಿದೆ. ಮೆಕ್ಕೆಜೋಳದ ಮುದ್ದೆ, ನಮ್ಮ ಮಮಾಲಿಗಾ, ಬಡಿಸಿಕೊಂಡು ಕೂತಿದ್ದೆವು. ಹೊರಗೆ ಬಾವಿಯ ಸರಪಳಿ ಕಿಣಿಕಿಣಿ ಅಂದಿತು. ಗಾಳಿ ಇರಲಿಲ್ಲ.

"ದಿನಾ ಬರ್ತಾಳೆ," ಎಂದರು ಭಾವ, ತಲೆ ಎತ್ತದೆ. "ಬಕೆಟ್ ತುಂಬಿಸಿ ಕಟ್ಟೆ ಮೇಲಿಡ್ತೀನಿ. ಬೆಳಿಗ್ಗೆ ಒಂದು ಹನಿ ಇರಲ್ಲ."

"ನಾಯಿ ಕುಡಿದಿರುತ್ತೆ, ಬಿಡಿ."

"ನಾಯಿ ನಿನ್ನ ಕಾಲ ಕೆಳಗಿದೆ, ನೋಡು."

ನೋಡಿದೆ. ಪಾಪ, ಗಡಗಡ ನಡುಗುತ್ತಿತ್ತು.

ಕಣಿವೆಯ ಮೂರು ಊರುಗಳ ಕೌನ್ಸಿಲ್‌ಗಳು ವರ್ಷಗಳಿಂದ ಒಂದು ಮಾತಿಗೆ ಗುದ್ದಾಡುತ್ತಿದ್ದವು: ಹೊಳೆಯುದ್ದಕ್ಕೂ ಎರಡೂ ದಡ ಸೇರಿಸಿ ಪಾರ್ಕ್ ಮಾಡುವುದು, ಅಗೆಯುವ ಹಾಗಿಲ್ಲ, ಕಟ್ಟುವ ಹಾಗಿಲ್ಲ. ಮೂವರೂ ಒಪ್ಪಬೇಕು, ಒಬ್ಬರು ಕೈಕೊಟ್ಟರೆ ಎಲ್ಲವೂ ಬಿತ್ತು. ನಾನು ಕೌನ್ಸಿಲ್ ಸದಸ್ಯೆಯಾಗಿರುವ ನಮ್ಮ ಮೇಲೂರು ಒಪ್ಪಿತ್ತು, ನಡುವಿನ ಊರೂ ಒಪ್ಪಿತ್ತು. ಪ್ರುಂಡಿಶ್‌ನಲ್ಲಿ ಮಾತ್ರ ಎರಡು ಬಣ ಸಮಸಮ. ಉಳಿದದ್ದು ಭಾವನ ಕೈಯೊಂದೇ. ಅವರು ಮತ ಹಾಕುವ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಮೇಯರ್ ನಕ್ಕ. "ಏನಯ್ಯಾ ಪರ್ವು, ಪಟ್ಟಣದೋರು ಬಂದು ಹಕ್ಕಿ ನೋಡ್ಲಿ ಅಂತ ನಮ್ಮ ರಸ್ತೆ ಕಳೀತೀಯಾ?"

ಎಲ್ಲರೂ ಹೋ ಎಂದು ನಕ್ಕರು. ಭಾವ ಎದ್ದು ನಿಂತರು.

"ನನ್ನ ಹೆಂಡ್ತಿಗೆ ಬಾಯಾರಿಕೆ ಆಗಿದೆ," ಎಂದು ಕೈ ಎತ್ತಿದರು.

ನಗು ಅಲ್ಲಿಗೇ ನಿಂತಿತು. ಎದುರು ಬಣದಿಂದ ಒಂದು ಕೈ ಮೇಲೆದ್ದಿತು, ಆಮೇಲೆ ಇನ್ನೊಂದು. ಗುಂಡಿ ತೋಡಿದ ಮೇಲೆ ಅವರ ಮನೆಗಳಲ್ಲೂ ಸಾವಾಗಿತ್ತು. ಅವರ ಬಾವಿಗಳಲ್ಲಿ ಏನು ಕೇಳಿಸುತ್ತಿತ್ತೋ, ಅಷ್ಟು ದಿನ ಯಾರೂ ಬಾಯಿ ಬಿಟ್ಟಿರಲಿಲ್ಲ.

ಕಂಪನಿಯವರು ಯಂತ್ರ ಎತ್ತಿಕೊಂಡು ಹೋದರು. ವಸಂತದಲ್ಲಿ ಹಿಮ ಕರಗಿದಾಗ ಹೊಳೆ ಉಕ್ಕಿ, ಗುಂಡಿಯ ಒಡ್ಡು ಒಡೆದು, ತನ್ನ ಹಳೆಯ ದಾರಿ ಹಿಡಿಯಿತು. ನಾವಿಬ್ಬರೂ ಹೊಸ ಬುರುಡೆ ಹಿಡಿದು ದಡಕ್ಕೆ ಇಳಿದೆವು. ಬತ್ತಿ ಹಚ್ಚಿದೆ. ಭಾವ ಬುರುಡೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

"ಇವತ್ತೇ ಬಿಡ್ಬೇಕೇನೇ?"

"ಮತ್ತೆ? ಇಷ್ಟೆಲ್ಲ ಒದ್ದಾಡಿದ್ದು ಯಾತಕ್ಕೆ, ಭಾವ?" ಎಂದು ರೇಗಿದೆ.

ಅವರು ಬಗ್ಗಿ ಬಿಟ್ಟರು. ಬುರುಡೆ ಒಂದು ಸುತ್ತೂ ತಿರುಗದೆ ನೆಟ್ಟಗೆ ಹೋಯಿತು. ನಾನು ಶಿಲುಬೆ ಗುರುತು ಹಾಕಿಕೊಂಡೆ. ಎದೆ ಹಗುರಾಯಿತು.

ಮರುದಿನ ಬೆಳಿಗ್ಗೆ ಹೋದಾಗ ಭಾವ ಬಾವಿಕಟ್ಟೆಯ ಬಳಿ ನಿಂತಿದ್ದರು. ಬಕೆಟ್ ತುಂಬಿ ತುಳುಕುತ್ತಿತ್ತು. ಮೇಲೆ ಪ್ಲಮ್ ಹೂವಿನ ಎಸಳು ಬಿದ್ದಿದ್ದವು.

"ಮುಟ್ಟೇ ಇಲ್ಲ ಕಣೇ," ಎಂದರು. "ಅವಳ ಬಾಯಾರಿಕೆ ತೀರ್ತು."

"ಒಳ್ಳೇದೇ ಆಯ್ತಲ್ಲ, ಭಾವ."

"ಒಳ್ಳೇದೇ ಆಯ್ತು. ಇನ್ನು ಸಂಜೆ ಯಾರು ಬರ್ತಾರೆ?"

ಬಕೆಟ್ ಎತ್ತಿ ಗಿಡಗಳಿಗೆ ಸುರಿದೆ. ಸಂಜೆ ಅವರು ಮತ್ತೆ ತುಂಬಿಸಿ ಕಟ್ಟೆಯ ಮೇಲಿಟ್ಟರು.