ಹುರಿದುಂಬಿಸಿದ್ದು ಮಾತ್ರ

ಚಪ್ಪಲಿ ಹೊಸದು, ಲೇಬಲ್ ಇನ್ನೂ ಕಿತ್ತಿಲ್ಲ, ನಿನ್ನೆ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೂ ಇದನ್ನೇ ಹಾಕಿಕೊಂಡು ಬಂದಿದ್ದನೋ ಏನೋ — ನೆಂಟರೆಲ್ಲ ಹೋಗಿ, ಗಂಡ ಶಶಾಂಕನಿಲ್ಲದ ಮನೆಯಲ್ಲಿ ಮೊದಲ ಸಾದಾ ಬೆಳಿಗ್ಗೆ, ಅಂಗಳ ಗುಡಿಸುತ್ತಿದ್ದ ವಸುಧಾಳ ಕಣ್ಣು ಅವನ ಗೆಳೆಯ ಜಿತೇಶನ ಕಾಲಿನಿಂದ ಮೇಲೇಳಲೇ ಇಲ್ಲ. ಅತ್ತಿಗೆ, ಇದು ಪಾಣೆಮಂಗಳೂರಿನ ಪಂಕ್ಚರ್ ಅಂಗಡಿಯ ಫೈಝಲನದ್ದು, ಶಶಾಂಕ ಕೇಳಿ ತಂದದ್ದು. ಅವನ ಕೈಯಲ್ಲಿ ಗಾಳಿ ಬಿಟ್ಟು ಮಡಚಿದ ಲಾರಿ ಟ್ಯೂಬ್. ನಾಳೆ ಪೊಲೀಸ್ ಸ್ಟೇಷನ್ನಿನವರು ಬಂದರೆ ಇದು ತೂತಿತ್ತು ಅಂತ ಹೇಳಿ ಆಯ್ತಾ, ನಾವು ಎಂತ ಮಾಡಿದ್ದುಂಟು, ಹುರಿದುಂಬಿಸಿದ್ದು ಮಾತ್ರ. ಹುರಿದುಂಬಿಸಿದ್ದು — ಎಂಥ ಚಂದದ ಪದ, ಮೂಡುಬಿದಿರೆಯಲ್ಲಿ ಎಂ.ಎ. ಓದುವಾಗ ಅರ್ಥ ಬರೆದಿದ್ದಳು, ಉತ್ಸಾಹ ತುಂಬು, ಧೈರ್ಯ ಕೊಡು, ಪ್ರಯೋಗ: ಗುರುಗಳು ಶಿಷ್ಯರನ್ನು ಹುರಿದುಂಬಿಸಿದರು, ಕುಮ್ಮಕ್ಕು ಪತ್ರಿಕೆಯವರದ್ದು, ಪ್ರಚೋದನೆ ಪೊಲೀಸರದ್ದು, ಒಂದೇ ಕೆಲಸಕ್ಕೆ ಮೂರು ಅಂಗಿ, ಈ ಗಂಡಸರು ಇಸ್ತ್ರಿ ಹಾಕಿದ್ದನ್ನೇ ಆರಿಸಿ ತೊಡುತ್ತಾರೆ. ನೆರೆ ಬಂದರೆ ಸೇತುವೆಯಿಂದ ನೇತ್ರಾವತಿಗೆ ಹಾರಿ, ತೇಲಿ ಬರುವ ತೆಂಗಿನಕಾಯಿ ಹಿಡಿಯುವುದು ಇವರ ಶೌರ್ಯ, ಯಾವ ಅಂಗಡಿಯಲ್ಲೂ ಸಿಗುವ ಕಾಯಿ. ಶಶಾಂಕ ಹಾರಿದ ದಿನದ ವಿಡಿಯೋ ತೆಗೆದವನೂ ಇವನೇ, ಗ್ರೂಪಿಗೆ ಹಾಕಿದವನೂ ಇವನೇ, ಅಳಿಸುವ ಮೊದಲೇ ಅದು ಅವಳ ಫೋನಿಗೆ ಬಂದಿದೆ — ಶಶಾಂಕ ಸೊಂಟಕ್ಕೆ ಟ್ಯೂಬ್ ಏರಿಸಿ ನಿಂತಿದ್ದಾನೆ, ಇವನ ಸ್ವರ, ಏ ಮಾರಾಯ, ಟ್ಯೂಬ್ ಹಾಕಿ ಹಿಡಿಯುವುದಾದರೆ ನನ್ನ ಅಜ್ಜಿಯೂ ಹಿಡೀತಾಳೆ, ಹೆಂಡತಿ ಕಟ್ಟಿ ಕಳಿಸಿದ್ದಾ, ನಗು, ಚಪ್ಪಾಳೆ, ಅವನೂ ನಗುತ್ತ ಕಳಚುತ್ತಾನೆ, ಒಂದು ಕಾಲು, ಇನ್ನೊಂದು ಕಾಲು, ಪೆದ್ದ, ಅವಳು ಹತ್ತು ಸಲ ಹೇಳಿದರೂ ಒಂದು ಬಲ್ಬು ಬದಲಿಸದವನು, ಇವನ ಒಂದು ಕುಹಕಕ್ಕೆ ಜೀವ ಕೊಟ್ಟವನು. ಅಳು ಬರುವುದಿಲ್ಲ, ಬರೀ ಅಸಹ್ಯ. ಅಲ್ಲಿಡಿ, ಫೈಝಲನಿಗೆ ನಾನೇ ಕೊಟ್ಟು ಬರ್ತೇನೆ, ಎಂದಳು. ಮತ್ತೆ ಸ್ಟೇಷನ್ನಿನಲ್ಲಿ, ಅತ್ತಿಗೆ? ಕಂಡದ್ದನ್ನು ಹೇಳ್ತೇನೆ. ಜಿತೇಶ್ ನಿರಾಳವಾಗಿ ಹೊಸ ಚಪ್ಪಲಿ ಎಳೆಯುತ್ತ ಹೋದ, ಅವಳ ಮಾತನ್ನು ಒಪ್ಪಿಗೆ ಎಂದೇ ತಿಳಿದ.

ಫೈಝಲನ ಅಂಗಡಿಯ ಶಟರ್ ಅರ್ಧ ಮಾತ್ರ ತೆರೆದಿತ್ತು, ಅವಳನ್ನು ಕಂಡು ಅವನು ಎದ್ದು ನಿಂತ, ಅಕ್ಕ, ನನ್ನ ಟ್ಯೂಬಿನಿಂದ ಜೀವ ಹೋಯಿತು ಅಂತ ಊರಿಡೀ ಹೇಳ್ತಾರೆ, ಒಂದು ಗಾಡಿ ಬರುವುದಿಲ್ಲ ಇಲ್ಲಿಗೆ, ನಾನು ಒಳ್ಳೇದನ್ನೇ ಕೊಟ್ಟದ್ದು, ಅಲ್ಲಾಹನಾಣೆ. ಆಣೆ ಬೇಡ, ಗಾಳಿ ತುಂಬಿಸಿ ನೀರಿಗೆ ಹಾಕಿ — ಅವಳು ಫೋನ್ ತೆಗೆದು ಹಿಡಿದಳು, ಸ್ಟೇಷನ್ನಿಗೆ ಆ ವಿಡಿಯೋದ ಜೊತೆ ಇದೂ ಹೋಗಲಿ, ತೂತು ಎಂದು ಹೇಳಿಸಹೊರಟ ಗಂಡಸಿಗೆ ಟ್ಯೂಬಿಗೆ ಒಂದು ಮೊಳೆ ಚುಚ್ಚುವಷ್ಟೂ ಬುದ್ಧಿಯಿಲ್ಲ. ಪಂಪು ಗುಡುಗಿತು, ಟ್ಯೂಬ್ ಉಬ್ಬಿತು, ಫೈಝಲ್ ಅದನ್ನು ತೊಟ್ಟಿಯ ಕಪ್ಪು ನೀರಿಗೆ ಒತ್ತಿದ, ಗುಳ್ಳೆಯಿಲ್ಲ, ಸ್ವಲ್ಪ ತಿರುಗಿಸಿ ಒತ್ತಿದ, ಗುಳ್ಳೆಯಿಲ್ಲ, ಇನ್ನೂ ತಿರುಗಿಸಿ, ಅವಳು ಬಗ್ಗಿ ನೋಡಿದಳು, ನೀರು ಅಲುಗಲಿಲ್ಲ, ಗುಳ್ಳೆಯಿಲ್ಲ, ಒಂದೂ ಇಲ್ಲ —