ಮೂರನೆಯ ಸಾಲಿನ ಗುಂಡುಸೂಜಿಗಳು

ಅತ್ತಿಗೆ ಎಂ.ಎ.ಗೆ ಸೇರಿದ್ದು ಮದುವೆಯಾಗಿ ಹನ್ನೊಂದು ವರ್ಷದ ಮೇಲೆ. ವಿಷಯ ಮನಃಶಾಸ್ತ್ರ. ಅಣ್ಣ ಫ್ರಿಜ್ ರಿಪೇರಿ ಮಾಡುವವನು; ಯಾರಾದರೂ ಕೇಳಿದರೆ, ಒಳಗಿನ ತಂಪು ನನ್ನ ಪಾಲಿಗೆ, ಒಳಗಿನ ಬಿಸಿ ಅವಳ ಪಾಲಿಗೆ ಎನ್ನುತ್ತಿದ್ದ. ಮೊದಲ ವರ್ಷ ಅವಳ ಪ್ರಯೋಗಗಳಿಗೆಲ್ಲ ನಾನೇ ಕೂತೆ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸುವುದು, ಅರ್ಥವಿಲ್ಲದ ಅಕ್ಷರಗಳನ್ನು ನೆನಪಿಟ್ಟು ಒಪ್ಪಿಸುವುದು. ಅವಳ ರೆಕಾರ್ಡ್ ಪುಸ್ತಕದ ತುಂಬ ನಾನೇ ಇದ್ದೇನೆ: ಹೆಣ್ಣು, ಇಪ್ಪತ್ತೊಂದು ವರ್ಷ, ಓದು ಏಳನೇ ತರಗತಿ.

ಏಳಕ್ಕೇ ಬಿಟ್ಟದ್ದಕ್ಕೆ ದೊಡ್ಡ ಕಾರಣವಿಲ್ಲ. ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಅಮ್ಮ ಹೇಳುತ್ತಿದ್ದಳು. ನಾನು ಬಾಯಿಲ್ಲದೆ ಬದುಕಬಹುದಾದ ಕೆಲಸ ಹುಡುಕಿಕೊಂಡೆ. ಆರು ವರ್ಷದಿಂದ ಅಂಗಿ ಹೊಲಿಯುವ ಕೋಣೆಯಲ್ಲಿ ತೋಳಿನ ತುದಿಗೆ ಕಫ್ ಕೂರಿಸುತ್ತೇನೆ. ನನ್ನ ಮಷಿನ್ ಕೊನೆಯದು, ಗೋಡೆಗೆ ತಾಗಿಕೊಂಡು. ಅಲ್ಲಿಂದ ಆರು ಹೆಂಗಸರ ಬೆನ್ನು, ಭುಜ, ಮೊಣಕೈ ಕಾಣುತ್ತದೆ. ಯಾರ ಬೆನ್ನಿಗೆ ಇವತ್ತು ಬೇಸರ, ಯಾರ ಭುಜಕ್ಕೆ ಮನೆಯ ಜಗಳ ಎಂದು ನನಗೆ ತಿಳಿಯುತ್ತದೆ.

ಎರಡನೆಯ ವರ್ಷ ಅತ್ತಿಗೆ ಪ್ರಬಂಧ ಬರೆಯಬೇಕಾಯಿತು. ದಿನವಿಡೀ ಒಂದೇ ಕೆಲಸ ಮಾಡುವವರ ಗಮನ ಯಾವಾಗ ಸಡಿಲವಾಗುತ್ತದೆ ಎಂಬುದು ಅವಳ ಪ್ರಶ್ನೆ. ನಮ್ಮ ಕಟಿಂಗ್ ಮಾಸ್ಟರನ್ನು ಒಪ್ಪಿಸಿ, ಸ್ಟಾಪ್‌ವಾಚು, ಹಾಳೆ ಹಿಡಿದು ನಾಲ್ಕು ದಿನ ಬಂದು ಕೂತಳು. ಯಾರು ಎಷ್ಟು ಸಲ ಕೈ ನಿಲ್ಲಿಸುತ್ತಾರೆ, ಯಾರ ಅಂಗಿ ಎಷ್ಟು ಸಲ ಬಿಚ್ಚಿ ಹೊಲಿಯಲು ವಾಪಸು ಬರುತ್ತದೆ, ಇವೆರಡೂ ಬೇಕಿತ್ತು. ಆ ನಾಲ್ಕು ದಿನ ನಮ್ಮವರು ತಲೆ ಬಾಚಿ, ನೆಟ್ಟಗೆ ಕೂತು, ಉಸಿರೆತ್ತದೆ ಹೊಲಿದರು. ಒಬ್ಬಾಕೆ ಸೀನನ್ನೂ ನುಂಗಿದಳು.

ಹಾಳೆ ನೋಡಿದ ಗೈಡ್ ಮೇಡಂ, ಇವರು ಕೆಲಸಕ್ಕೆ ಕೂತವರೋ ಫೋಟೋಗೆ ಕೂತವರೋ ಎಂದು ಕೇಳಿದರಂತೆ. ಪ್ರಬಂಧ ಒಪ್ಪಿಸಲು ಉಳಿದಿದ್ದದ್ದು ಐದು ವಾರ.

ಆ ಸಂಜೆ ನಾವಿಬ್ಬರೂ ಒಗೆದ ಬಟ್ಟೆ ಮಡಚುತ್ತಿದ್ದೆವು. ಅತ್ತಿಗೆ ಒಂದು ಕಾಲುಚೀಲಕ್ಕೆ ಜೊತೆ ಹುಡುಕುತ್ತ ಹೇಳಿದಳು, "ಮದುವೆ ಅಂತ ಒಂದ್ಸಲ ಅರ್ಧಕ್ಕೆ ಬಿಟ್ಟೆ. ಈ ಸಲಾನೂ ಬಿಟ್ರೆ ಮತ್ತೆ ಸೇರೋ ಧೈರ್ಯ ನನಗಿಲ್ಲ ಕಣೆ ಪುಟ್ಟಿ."

ನನಗೆ ಏನನ್ನಿಸಿತೋ, ಕಾಲರಕ್ಕ ಬೇರೆ ದಿನಗಳಲ್ಲಿ ಬೆಳಗಿನ ಟೀಯಿಂದ ಊಟದವರೆಗೆ ಇಪ್ಪತ್ತು ಸಲವಾದರೂ ಕೈ ನಿಲ್ಲಿಸುತ್ತಾಳೆ ಎಂದುಬಿಟ್ಟೆ. ಕಾಲರ್ ಹೊಲಿಯುವ ಅವಳನ್ನು ಎಲ್ಲರೂ ಹಾಗೇ ಕರೆಯುವುದು. ಅವಳ ಮುಂದಿನವಳು ಊಟದ ಮೊದಲು ಮೂರು ಸಲ ಗಡಿಯಾರ ನೋಡುತ್ತಾಳೆ, ತುದಿಯವಳು ಹಾಡು ಗುನುಗಿದಷ್ಟೂ ಹೊತ್ತು ನಿಲ್ಲಿಸುವುದಿಲ್ಲ ಎಂದೂ ಹೇಳಿದೆ. ಅತ್ತಿಗೆಯ ಕೈಯಲ್ಲಿದ್ದ ಕಾಲುಚೀಲ ಕೆಳಗೆ ಬಿತ್ತು.

ಕೂತಲ್ಲಿಂದ ನಾನೇ ಎಣಿಸುವುದಕ್ಕೆ ಗೈಡ್ ಮೇಡಂ ಒಪ್ಪಿದರು. ನಾನು ದಿನಕ್ಕೆ ಎರಡು ಗಂಟೆ ಎಣಿಸಬೇಕು. ಅದರಲ್ಲಿ ಒಂದು ಗಂಟೆ ಅತ್ತಿಗೆಯೂ ಬಂದು ಬೇರೆಯಾಗಿ ಎಣಿಸಬೇಕು. ಇಬ್ಬರ ಎಣಿಕೆ ತಾಳೆಯಾಗದಿದ್ದರೆ ಎಲ್ಲ ನೀರಿನಲ್ಲಿ ಹೋಮ. ಅದಕ್ಕೂ ಮೊದಲು, ಎಣಿಸುವವಳೇ ತನ್ನ ಬಾಯಿಂದ ಎಲ್ಲರ ಒಪ್ಪಿಗೆ ಕೇಳಬೇಕು.

ಎಣಿಸುವುದು ಕಷ್ಟವೆನಿಸಲಿಲ್ಲ. ಕೈಯಲ್ಲಿ ಕಫ್ ಇರುವಾಗ ಬರೆಯಲಾಗದು. ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬಿನ ಮೇಲೆ ಸೀಮೆಸುಣ್ಣದಲ್ಲಿ ಆರು ಗೆರೆ ಎಳೆದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು, ಒಂದು ನಿಲುಗಡೆಗೆ ಒಂದು ಸೂಜಿ; ಆಮೇಲೆ ಎಣಿಸಿ ಹಾಳೆಗೆ. ದಾರ ಬದಲಿಸಲು ನಿಲ್ಲಿಸಿದರೆ ಲೆಕ್ಕಕ್ಕಿಲ್ಲ. ಅತ್ತಿಗೆಗೆ ಕಿಟಕಿಯ ಹತ್ತಿರ ಗುಂಡಿ ಅಜ್ಜಿಯ ಪಕ್ಕ ಕೂತು ಅಂಗಿಗೆ ಗುಂಡಿ ಹೊಲಿಯಲು ಹೇಳಿದೆ. ಕೈಗೆ ಕೆಲಸ ಇದ್ದವರನ್ನು ನಮ್ಮ ಕೋಣೆಯಲ್ಲಿ ಯಾರೂ ನೋಡುವುದಿಲ್ಲ.

ಒಪ್ಪಿಗೆ ಕೇಳುವುದೇ ಬೆಟ್ಟವಾಯಿತು. ಟೀ ಹೊತ್ತಿನಲ್ಲಿ ಲೋಟ ಹಿಡಿದು ಎದ್ದು ನಿಂತೆ. ಅತ್ತಿಗೆ ಬರೆದುಕೊಟ್ಟ ಮಾತು ಹತ್ತು ಸಾಲಿತ್ತು. ಬಾಯಿಂದ ಬಂದದ್ದು ಇಷ್ಟೇ: "ನಾನು ನಿಮ್ಮನ್ನ ನೋಡಬಹುದಾ?"

ಎಲ್ಲರೂ ಮುಖ ಮುಖ ನೋಡಿಕೊಂಡರು. ಗುಂಡಿ ಅಜ್ಜಿ ದಾರವನ್ನು ಹಲ್ಲಿನಿಂದ ಕತ್ತರಿಸಿ, "ಆರು ವರ್ಷದಿಂದ ಕೇಳದೇ ನೋಡ್ತಿದ್ದೀಯಲ್ಲೇ ತಾಯಿ. ಇವತ್ತೇನು ಹೊಸದಾಗಿ ಮರ್ಯಾದೆ?" ಎಂದಳು. ನಗು ತಣಿಯುವ ಮೊದಲೇ, ನನ್ನ ಜೊತೆ ಬಂದಿದ್ದ ಅತ್ತಿಗೆ ಉಳಿದ ಒಂಬತ್ತು ಸಾಲು ಓದಿ ಹೇಳಿ ಸಹಿ ಹಾಕಿಸಿಕೊಂಡಳು.

ಎರಡು ದಿನಕ್ಕೆ ಅವರು ನಮ್ಮನ್ನು ಮರೆತರು. ಮಾತು, ಆಕಳಿಕೆ, ಸೀನು ಎಲ್ಲ ಮರಳಿ ಬಂದವು. ಆದರೆ ವಾರದ ಕೊನೆಗೆ ಅತ್ತಿಗೆ ಇಬ್ಬರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಹಣೆ ಉಜ್ಜಿಕೊಂಡಳು. ಐದು ಸಾಲು ತಾಳೆಯಾಗುತ್ತಿದ್ದವು. ಮೂರನೆಯದರಲ್ಲಿ ಗಂಟೆಗೆ ಅವಳದು ಹದಿನಾಲ್ಕು, ನನ್ನದು ಐದು. ಮೂರನೆಯ ಸಾಲು ಕಾಲರಕ್ಕನದು.

"ನಿನ್ನ ಕಣ್ಣು ತಪ್ಪೋ ಕಣ್ಣಲ್ಲ. ಏನ್ ಮಾಡ್ದೆ, ಹೇಳು," ಎಂದಳು ಅತ್ತಿಗೆ.

ಹೇಳಿದೆ. ಕಾಲರಕ್ಕನಿಗೆ ವಯಸ್ಸಾಗುತ್ತಿದೆ, ಸುಸ್ತಾಗಿ ನಿಲ್ಲಿಸುತ್ತಾಳೆ, ಇದು ಮಾಸ್ಟರ್‌ಗೆ ಗೊತ್ತಾದರೆ ಅವಳನ್ನು ಕಡಿಮೆ ಕೂಲಿಯ ದಾರ ಕತ್ತರಿಸುವ ಮೇಜಿಗೆ ಕಳಿಸುತ್ತಾನೆ. ಅದಕ್ಕೆ ಅವಳ ಸೂಜಿಗಳನ್ನು ಡಬ್ಬಿಯಲ್ಲೇ ಉಳಿಸಿದ್ದೆ.

ಅತ್ತಿಗೆ ಬೈಯಲಿಲ್ಲ. ಹಾಳೆಗಳಲ್ಲಿ ಯಾರ ಹೆಸರೂ ಇಲ್ಲ, ಇವು ಮಾಸ್ಟರ್ ಕೈಗೆ ಹೋಗುವುದೂ ಇಲ್ಲ ಎಂದು ತೋರಿಸಿದಳು. ಆ ವಾರದ್ದನ್ನೆಲ್ಲ ಅಡ್ಡಗೆರೆ ಹಾಕಿ ತೆಗೆದಳು. ಆಮೇಲೆ ವಾಪಸು ಬಂದ ಅಂಗಿಗಳ ಪಟ್ಟಿಯನ್ನು ನನ್ನ ಮುಂದೆ ತಳ್ಳಿದಳು. ಎಲ್ಲರಿಗಿಂತ ಕಡಿಮೆ ವಾಪಸು ಬಂದಿದ್ದು ಕಾಲರಕ್ಕನದು.

"ಪಾಪ ಅಂತ ನೀನು ಮುಚ್ಚಿಟ್ಟಿದ್ದು ಅವಳ ಹೆಚ್ಚುಗಾರಿಕೆನೇ," ಎಂದಳು.

ನನಗೆ ನಾಚಿಕೆಯಾಯಿತು. ಮರುದಿನದಿಂದ ಒಂದನ್ನೂ ಬಿಡದೆ ಚುಚ್ಚಿದೆ. ಅಷ್ಟೇ ಅಲ್ಲ, ಇಷ್ಟು ವರ್ಷ ಬರೀ ಬೆನ್ನು ನೋಡಿದ್ದೆನಲ್ಲ, ಈಗ ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಎಳೆದು ಅವಳ ಕೈ ನೋಡಿದೆ. ನೋಡಿದ್ದು ಮನಸ್ಸಿನಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉಳಿದ ವಾರಗಳ ಎಣಿಕೆ ತಾಳೆಯಾಯಿತು. ನಡುನಡುವೆ ವಿಶ್ರಾಂತಿ ಪಡೆದವರ ಕೆಲಸದಲ್ಲಿ ತಪ್ಪು ಕಡಿಮೆ ಎಂದು ಅತ್ತಿಗೆ ಬರೆದು, ಗಡುವಿಗೆ ಒಂದು ದಿನ ಮುಂಚೆ ಒಪ್ಪಿಸಿದಳು.

ಮೌಖಿಕ ಪರೀಕ್ಷೆಯ ದಿನ ಅಣ್ಣ ನಮ್ಮಿಬ್ಬರನ್ನೂ ಕಾಲೇಜಿಗೆ ಬಿಟ್ಟ. ಕೊನೆಯ ದಿನದ ಎಣಿಕೆಯ ದಿಂಬು ನನ್ನ ಚೀಲದಲ್ಲಿತ್ತು. ಕೇಳಿದರೆ ಇರಲಿ ಎಂದು ಅತ್ತಿಗೆ ತರಿಸಿದ್ದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಗೈಡ್ ಮೇಡಂ ಬಾಗಿಲು ತೆರೆದು, ಬಾರಮ್ಮ, ದಿಂಬನ್ನೂ ತಗೊಂಡು ಬಾ ಎಂದರು.

ಒಳಗೆ ಉದ್ದ ಮೇಜು, ಅದರಾಚೆ ಬೇರೆ ಕಾಲೇಜಿನಿಂದ ಬಂದ ಹಿರಿಯ ಪರೀಕ್ಷಕರು. ಎದುರಿಗೆ ನಿಂತ ಅತ್ತಿಗೆ ಪ್ರಬಂಧದ ಪುಟಗಳನ್ನು ಹಿಂದೆ ಮುಂದೆ ತಿರುವುತ್ತಿದ್ದಳು. ಪರೀಕ್ಷಕರು ದಿಂಬನ್ನು ತಿರುಗಿಸಿ ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ವಿಶ್ರಾಂತಿ ಅಂತ ಇವರು ಬರೆದಿದ್ದಾರೆ. ವಿಶ್ರಾಂತಿ ಅಂತ ಹೇಗೆ ಗೊತ್ತು ಅಂದ್ರೆ ಉತ್ತರ ಇಲ್ಲ. ಈ ಮೂರನೇ ಸಾಲು ಯಾಕಮ್ಮ ಇಷ್ಟು ದಟ್ಟ?"

ಮತ್ತೆ ಏಳನೆಯ ತರಗತಿಯಲ್ಲಿ ನಿಂತಂತಾಯಿತು. ನಾನು ಅವರ ಮುಖ ಬಿಟ್ಟು ಸೂಜಿಗಳನ್ನು ನೋಡಿದೆ. ಅವು ನಾನೇ ಚುಚ್ಚಿದವು.

"ಅದು ವಿಶ್ರಾಂತಿ ಅಲ್ಲ ಸರ್," ಎಂದೆ. "ಕಾಲರ್ ಮೂಲೆ ತಿರುಗಿಸೋ ಮೊದಲು ಅವರು ನಿಲ್ಲಿಸ್ತಾರೆ. ಹೆಬ್ಬೆರಳಲ್ಲಿ ಸವರಿ ನೋಡ್ತಾರೆ. ಆಮೇಲೆ ಹೊಲಿಯೋದು. ನಾವೆಲ್ಲ ಹೊಲಿದ ಮೇಲೆ ನೋಡ್ತೀವಿ. ಅದಕ್ಕೇ ಬಿಚ್ತೀವಿ."

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಇದು ಪ್ರಬಂಧದಲ್ಲಿ ಇದೆಯೇ ಎಂದು ಅತ್ತಿಗೆಯನ್ನು ಕೇಳಿದರು. ಅತ್ತಿಗೆ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, "ಇಲ್ಲ ಸರ್, ನನಗೂ ಇವತ್ತೇ ಗೊತ್ತಾಯ್ತು," ಎಂದಳು. ಅವರು ನಕ್ಕುಬಿಟ್ಟರು. ಎರಡು ಪುಟ ಸೇರಿಸಿ ವಾರದೊಳಗೆ ಕೊಡಿ, ಪಾಸು ಎಂದರು.

ಹೊರಗೆ ಬಂದು ಅತ್ತಿಗೆ ನನ್ನ ಕಿವಿ ಹಿಂಡಿದಳು, ನೋವಾಗದ ಹಾಗೆ. ಅಣ್ಣ ವಿಷಯವೆಲ್ಲ ಕೇಳಿ, ಮನೆಯಲ್ಲಿ ಬಾಯಿಲ್ಲದವಳು ಇವಳೊಬ್ಬಳಾದರೂ ಇದ್ದಳು, ಇನ್ನು ನನ್ನ ಕಥೆ ಮುಗೀತು ಎಂದ.

ಮಾರನೆಯ ಬೆಳಿಗ್ಗೆ ಕಾಲರಕ್ಕನಿಗೆ ನಡೆದದ್ದನ್ನು ನಾನೇ ಹೇಳಿದೆ. ಅವಳು ಮಷಿನ್‌ಗೆ ಎಣ್ಣೆ ಬಿಡುತ್ತ, "ವಾರಗಟ್ಟಲೆ ನೋಡಿ ಇದೊಂದೇನಾ ಕಂಡಿದ್ದು? ಕೇಳಿದ್ರೆ ನಾನೇ ಹೇಳ್ತಿದ್ನಲ್ಲೇ," ಎಂದಳು.

ನಾನು ದಿಂಬಿನ ಸೂಜಿಗಳನ್ನು ಕಿತ್ತು ಡಬ್ಬಿಗೆ ಹಾಕಿ ಕೆಲಸಕ್ಕೆ ಕೂತೆ. ಮೊದಲ ಕಫ್‌ನ ಮೂಲೆ ಬಂದಾಗ ಪೆಡಲಿನಿಂದ ಕಾಲು ತೆಗೆದು, ಹೆಬ್ಬೆರಳಿನಿಂದ ಬಟ್ಟೆಯನ್ನು ಸವರಿ ನೋಡಿದೆ. ನನ್ನ ಹಿಂದೆ ಗೋಡೆಯೊಂದೇ ಇತ್ತು, ಎಣಿಸುವವರು ಯಾರೂ ಇರಲಿಲ್ಲ.