ದೊಡ್ಡಮ್ಮನ ಸ್ಲೈಮ್

ಭಾನುವಾರ ಹತ್ತೂವರೆಗೆ ಮಾಲತಿಯ ಮನೆಯ ಹಾಲ್‌ನಲ್ಲಿ ಆರು ಮಕ್ಕಳು ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದರು. ಬಿಳಿ ಗಮ್ಮಿಗೆ ಹಸಿರು ಬಣ್ಣ ಬೆರೆಸಿ, ಅರ್ಧ ಚಮಚ ಅಡುಗೆ ಸೋಡಾ ಹಾಕಿ, ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ನೀರನ್ನು ಹನಿಹನಿಯಾಗಿ ಬಿಡುತ್ತ ಕಲಸಿದಂತೆ ಮಕ್ಕಳು ಹಿಚುಕಿ ಆಡುವ ಸ್ಲೈಮ್ ಬಟ್ಟಲಿನ ಅಂಚು ಬಿಟ್ಟು ಮುದ್ದೆಯಾಗುತ್ತಿತ್ತು. ಇನ್ನು ಅದಕ್ಕೆ ತರಿ ಸೇರಿಸುವುದು ಬಾಕಿ. ಕೆಲವರಿಗೆ ಥರ್ಮೋಕೋಲ್ ಗುಂಡು ಇಷ್ಟ, ಕೆಲವರಿಗೆ ಬಣ್ಣದ ಮರಳು. ಕಾಫಿ ಹೊಟ್ಟು ಮಾತ್ರ ಮಾಲತಿ ತಾನೇ ಕಂಡುಕೊಂಡಿದ್ದು. ತೊಳೆದು, ಒಣಗಿಸಿ, ಜರಡಿ ಹಿಡಿದ ಹೊಟ್ಟನ್ನು ಸೇರಿಸಿದರೆ ಸ್ಲೈಮನ್ನು ಹಿಚುಕಿದಾಗಲೆಲ್ಲ ಚರಚರ ಸದ್ದು ಬರುತ್ತಿತ್ತು. ಸುಂಟಿಕೊಪ್ಪದ ಆ ಬೀದಿಯ ಮಕ್ಕಳು ಬೇಸಿಗೆ ರಜೆಯ ಭಾನುವಾರಗಳಲ್ಲಿ ಓಡಿಬರುತ್ತಿದ್ದದ್ದು ಆ ಸದ್ದಿಗೇ.

ಅವಳು ಹೊಟ್ಟಿನ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ವಾರಗಿತ್ತಿ ವೀಣಾ ಒಳಗೆ ನುಗ್ಗಿದಳು. ಒಂದು ಕೈಯಲ್ಲಿ ಮಗಳು ಲಿಖಿತಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು.

"ನೋಡಿ ಇದನ್ನ. ಎಲ್ಲರೂ ನೋಡಿ. ಏನ್ ವಿಷ ಹಾಕ್ತಿದೀರ ಇದಕ್ಕೆ?"

ಒಂಬತ್ತು ವರ್ಷದ ಹುಡುಗಿಯ ಬೆರಳುಗಳು ಕೆಂಪಾಗಿ ಊದಿಕೊಂಡು, ತುದಿಯಲ್ಲಿ ಸಿಪ್ಪೆ ಏಳುತ್ತಿದ್ದವು.

"ನಿನ್ನ ಮಗಳು ನನ್ನ ಹತ್ರ ಬಂದೇ ಇಲ್ಲ," ಎಂದಳು ಮಾಲತಿ. "ನೀನೇ ಕಳಿಸಲ್ಲ ಅಂದಿದ್ದೆ. ನಾನೂ ಕರೆದಿಲ್ಲ."

"ಹಂಗಾದ್ರೆ ಮಗು ಸುಳ್ಳು ಹೇಳುತ್ತಾ? ಹೇಳೇ ಲಿಖಿತಾ, ಯಾರು ಕೊಟ್ಟಿದ್ದು?"

ಲಿಖಿತಾ ನೆಲ ನೋಡುತ್ತ, "ದೊಡ್ಡಮ್ಮ ಕೊಟ್ರು," ಎಂದಳು.

ವೀಣಾ ಹತ್ತಿರದಲ್ಲಿದ್ದ ಬಟ್ಟಲನ್ನು ಎತ್ತಿ ಅಂಗಳಕ್ಕೆ ಎಸೆದಳು. ಅದರ ಹಿಂದೆಯೇ ಇನ್ನೊಂದು ಹೋಯಿತು. ಹಸಿರು ಮುದ್ದೆ ತುಳಸಿಕಟ್ಟೆಯ ಗೋಡೆಗೆ ಅಂಟಿ ನಿಧಾನವಾಗಿ ಜಾರಿತು. ಒಂದು ಮಗು ಅಳತೊಡಗಿತು. ಗಲಾಟೆ ಕೇಳಿ ಬಂದ ಇಬ್ಬರು ತಾಯಂದಿರು ಬಾಗಿಲಲ್ಲೇ ನಿಂತು ಲಿಖಿತಾಳ ಬೆರಳುಗಳನ್ನು ನೋಡಿದರು. ಆಮೇಲೆ ತಮ್ಮ ತಮ್ಮ ಮಕ್ಕಳ ಕೈ ಹಿಡಿದು ಹೊರಟರು. ಹತ್ತು ನಿಮಿಷದಲ್ಲಿ ಹಾಲ್ ಖಾಲಿಯಾಯಿತು.

ಈ ಇಬ್ಬರು ಹೆಂಗಸರು ಸರಿಯಾಗಿ ಮಾತಾಡಿ ಎರಡು ವರ್ಷವಾಗಿತ್ತು. ಇಬ್ಬರ ಮನೆ ಒಂದೇ ಸೂರಿನ ಕೆಳಗೆ. ನಡುವೆ ಸಿಮೆಂಟ್ ಬ್ಲಾಕಿನ ಗೋಡೆ ಎದ್ದಿತ್ತು. ಹಿತ್ತಲೂ ಬಚ್ಚಲುಮನೆಯೂ ಮಾತ್ರ ಇಬ್ಬರಿಗೂ ಸೇರಿದ್ದವು. ಗೋಡೆ ಏಳುವ ಮೊದಲು ಹಾಸಿಗೆ ಹಿಡಿದ ಮಾವನನ್ನು ಇಬ್ಬರೂ ಸರದಿಯಂತೆ ನೋಡಿಕೊಳ್ಳುತ್ತಿದ್ದರು. ಅವರು ತೀರಿಹೋದದ್ದು ಮಾಲತಿಯ ಸರದಿಯ ದಿನ. ಅಂದು ಮಡಿಕೇರಿಯಲ್ಲಿ ಕರಕುಶಲ ವಸ್ತುಗಳ ಪ್ರದರ್ಶನವಿತ್ತು. ತಾನು ಮಾಡಿದ ಗೊಂಬೆಗಳನ್ನು ಅಲ್ಲಿಟ್ಟು ಎರಡು ಗಂಟೆಯಲ್ಲಿ ಬರುತ್ತೇನೆಂದು ಹೋದವಳು ಬಸ್ಸು ಸಿಗದೆ ಸಂಜೆ ಬಂದಾಗ ಅಂಗಳದಲ್ಲಿ ಜನ ಸೇರಿದ್ದರು. ಅಷ್ಟೂ ಜನರ ಮುಂದೆ ವೀಣಾ, "ಮಾವ ನೀರು ನೀರು ಅಂತ ಪ್ರಾಣ ಬಿಟ್ರು, ಇವರು ಮಣ್ಣಿನ ಗೊಂಬೆ ಮಾರ್ತಾ ಕೂತಿದ್ರು," ಎಂದಿದ್ದಳು. ಅಲ್ಲಿಯವರೆಗೆ ಬಾಯಿತುಂಬ ಅಕ್ಕ ಎನ್ನುತ್ತಿದ್ದವಳು ಅಂದಿನಿಂದ ಆ ಪದವನ್ನು ಬಿಟ್ಟಳು. ಮಾಲತಿ ಆ ಮಾತನ್ನು ಮರೆಯಲಿಲ್ಲ.

ಮರುದಿನವೇ ಬೀದಿಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಲಿಖಿತಾಳ ಕೈಯ ಫೋಟೊ ಬಂತು. ಅದರ ಕೆಳಗೆ ಅಳುವ ಮುಖಗಳ ಸಾಲು. "ಮನೆಯಲ್ಲಿ ಕೆಮಿಕಲ್ ಇಟ್ಟುಕೊಂಡು ಮಕ್ಕಳನ್ನ ಕೂರಿಸಿದರೆ ಇನ್ನೇನಾಗುತ್ತೆ," ಎಂದು ಯಾರೋ ಬರೆದರು. ಮಾಲತಿ ಗಮ್ಮಿನ ಬಾಟಲಿ, ಸೋಡಾ, ಲೆನ್ಸಿನ ನೀರು ಎಲ್ಲವನ್ನೂ ಸಾಲಾಗಿಟ್ಟು ಫೋಟೊ ತೆಗೆದು ಹಾಕಿದಳು. ಯಾರೂ ಉತ್ತರ ಕೊಡಲಿಲ್ಲ. ಅಂಗಡಿಗೆ ಹೋದರೆ ಮಾತಾಡುತ್ತಿದ್ದವರು ಬೆನ್ನು ತಿರುಗಿಸುತ್ತಿದ್ದರು. ತನ್ನ ಮೇಲೆ ಸುಳ್ಳು ಹೇಳಿದ ಆ ಹುಡುಗಿಯ ಮೇಲೆ ಅವಳಿಗೆ ಎಷ್ಟು ಕೋಪ ಬಂದಿತ್ತೆಂದರೆ, ಹಿತ್ತಲಿನಲ್ಲಿ ಅವಳ ಧ್ವನಿ ಕೇಳಿದರೂ ಮೈ ಉರಿಯುತ್ತಿತ್ತು.

ಗುರುವಾರ ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಲೆಂದು ಮಾಲತಿ ಸೌದೆ ಎಳೆದಳು. ಸೌದೆಯ ಹಿಂದೆ ಒಂದು ಐಸ್‌ಕ್ರೀಂ ಡಬ್ಬಿ ಇತ್ತು. ತೆಗೆದರೆ ಒಳಗೆ ಗಟ್ಟಿಯಾಗಿ ಒಡೆದುಹೋದ ಸ್ಲೈಮ್. ಅದಕ್ಕೂ ಕಾಫಿ ಹೊಟ್ಟು ಹಾಕಿತ್ತು, ಆದರೆ ತೊಳೆಯದ ಹೊಟ್ಟು. ಅಡಿಯಲ್ಲಿ ಮಡಚಿಟ್ಟಿದ್ದ ಪ್ಲಾಸ್ಟಿಕ್ ಲಕೋಟೆಯಲ್ಲಿ ಅರ್ಧದಷ್ಟು ಬಿಳಿ ಪುಡಿ ಉಳಿದಿತ್ತು. ಮೇಲೆ ಬೋರಾನ್ ಎಂದು ಬರೆದಿತ್ತು.

ಅವಳಿಗೆ ತಕ್ಷಣ ಅರ್ಥವಾಯಿತು. ವೀಣಾಳ ಗಂಡ ನಿತೇಶ್ ಎಸ್ಟೇಟೊಂದರಲ್ಲಿ ಸೂಪರ್‌ವೈಸರ್. ಕಾಫಿ ಗಿಡಗಳಿಗೆ ಪೋಷಕಾಂಶವಾಗಿ ಸಿಂಪಡಿಸುವ ಆ ಪುಡಿಯ ಪೊಟ್ಟಣಗಳು ಅವನ ಮನೆಯ ಅಟ್ಟದ ಮೇಲೆ ಯಾವಾಗಲೂ ಇರುತ್ತಿದ್ದವು. ಫೋನಿನ ವಿಡಿಯೋಗಳಲ್ಲಿ ಸ್ಲೈಮಿಗೆ ಬೋರಾಕ್ಸ್, ಅಂದರೆ ಬಿಳಿಗಾರ, ಹಾಕಿ ಎನ್ನುತ್ತಾರೆ. ಹೆಸರು ಹೋಲುತ್ತದೆಂದು ಹುಡುಗಿ ಬೋರಾನನ್ನೇ ಚಮಚಗಟ್ಟಲೆ ಸುರಿದುಕೊಂಡು ಬರಿಗೈಯಲ್ಲಿ ಕಲಸಿದ್ದಳು.

"ಹೋಗಿ ವೀಣನ ಕೈಗೆ ಸುಮ್ನೆ ಕೊಟ್ಟು ಬಾ," ಎಂದ ಮಾಲತಿಯ ಗಂಡ ಧರ್ಮೇಶ್. "ಮಗು ಅದು. ದೊಡ್ಡದು ಮಾಡ್ಬೇಡ."

"ಅವಳು ನನ್ನ ಸುಮ್ನೆ ಬಿಟ್ಲಾ? ಆರು ಮಕ್ಕಳ ಮುಂದೆ ಮಾನ ತೆಗೆದ್ಲು."

"ನೀನೂ ಹಂಗೇ ಮಾಡ್ತೀಯಾ?"

"ಮಾಡ್ತೀನಿ."

ಅವಳು ಸಂಜೆಯವರೆಗೆ ಕಾದಳು. ಮೊಮ್ಮಗಳ ಕೈ ನೋಡಲೆಂದು ವೀಣಾಳ ತಂದೆ ದೇವರಾಜು ಕುಶಾಲನಗರದಿಂದ ಬರುವವರಿದ್ದರು. ಅವರ ಸ್ಕೂಟರ್ ನಿಂತ ಸದ್ದು ಕೇಳಿ, ಲೋಟಗಳಿಗೆ ಕಾಫಿ ಬೀಳುವಷ್ಟು ಹೊತ್ತು ಬಿಟ್ಟು, ಮಾಲತಿ ಡಬ್ಬಿ ಹಿಡಿದುಕೊಂಡು ಗೋಡೆಯ ಆಚೆಯ ಮನೆಗೆ ಹೋದಳು. ಎರಡು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ದೇವರಾಜು ಇದ್ದರು, ನಿತೇಶ್ ಇದ್ದ, ಅತ್ತೆ ಮುತ್ತಮ್ಮ ಬಾಗಿಲ ಪಕ್ಕ ಕೂತಿದ್ದರು. ಮಾಲತಿ ಕಾಫಿ ಲೋಟಗಳ ನಡುವೆ ಡಬ್ಬಿ ಇಟ್ಟು, ಮೇಲೆ ಲಕೋಟೆ ಇಟ್ಟು ದೇವರಾಜು ಅವರ ಕಡೆ ತಿರುಗಿದಳು.

"ಬಚ್ಚಲ ಸೌದೆ ಹಿಂದೆ ಇತ್ತು. ಯಾರದು ಅಂತ ನಿಮ್ಮ ಮಗಳನ್ನ ಕೇಳಿ. ಪುಡಿ ಯಾರ ಅಟ್ಟದ್ದು ಅಂತ ನಿಮ್ಮ ಅಳಿಯನ್ನ ಕೇಳಿ."

ನಿತೇಶ್ ಲಕೋಟೆ ಎತ್ತಿ ನೋಡಿದ. ಅವನ ಕಣ್ಣು ಅಟ್ಟದ ಕಡೆ ಹೋಯಿತು. ಅಷ್ಟೇ ಸಾಕಾಯಿತು.

"ವಿಷ ಹಾಕಿದ್ದು ಯಾರು ಅಂತ ಈಗ ಬೀದಿಗೆಲ್ಲ ಹೇಳು ವೀಣಾ," ಎಂದಳು ಮಾಲತಿ. "ಫೋಟೊ ಬೇಕಾದ್ರೆ ಇದರದ್ದೂ ತಗೋ."

ತಂದೆಯ ಎದುರು ವೀಣಾಳ ಮುಖ ಬಿಳಿಚಿಕೊಂಡಿತು. ಅವಳು ಎದ್ದು, ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳನ್ನು ಎಳೆದು, ಕೈಗೆ ಸಿಕ್ಕಿದ ಸ್ಕೇಲಿನಿಂದ ಕಾಲಿಗೆ ಬಾರಿಸತೊಡಗಿದಳು. ಹುಡುಗಿ ಕಿರುಚಿದಳು. ಮುತ್ತಮ್ಮ "ಬಿಡೇ, ಬಿಡೇ, ಕೊಂದುಬಿಡ್ತೀಯಾ" ಎನ್ನುತ್ತ ನಡುವೆ ಬಂದು ತಾವೂ ಒಂದು ಏಟು ತಿಂದರು. ಕೊನೆಗೆ ದೇವರಾಜು ಸ್ಕೇಲು ಕಿತ್ತುಕೊಂಡರು.

ಮಾಲತಿ ನಿಂತೇ ಇದ್ದಳು. ಇನ್ನೂ ಒಂದೆರಡು ಬೀಳಲಿ ಎಂದು ಮೊದಲ ಏಟಿಗೆ ಅವಳಿಗೆ ಅನ್ನಿಸಿತ್ತು. ಮೂರನೆಯದಕ್ಕೆ ಸಾಕು ಅನ್ನಿಸಿತು, ಆದರೂ ತಡೆಯಲು ಹೋಗಲಿಲ್ಲ. ಲಿಖಿತಾ ಅಜ್ಜಿಯ ಸೀರೆಯ ಹಿಂದಿನಿಂದ ಅವಳನ್ನೇ ನೋಡಿದಳು. ಆ ನೋಟದಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

ಮನೆಗೆ ಬಂದು ಮಾಲತಿ ಅಡುಗೆ ಮಾಡಿದಳು. ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಗೋಡೆಯಾಚೆಯಿಂದ ಎಲ್ಲವೂ ಧರ್ಮೇಶನಿಗೆ ಕೇಳಿಸಿತ್ತು.

ಎರಡು ದಿನದ ಮೇಲೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವಾಗ ಲಿಖಿತಾ ಒಬ್ಬಳೇ ಸಿಕ್ಕಳು. ಬೆರಳುಗಳಿಗೆ ಮುಲಾಮು ಹಚ್ಚಿತ್ತು. ಕಾಲಿನ ಮೇಲೆ ಬಾಸುಂಡೆಗಳು ಕಂದಿದ್ದವು.

"ಯಾಕೆ ನನ್ನ ಹೆಸರು ಹೇಳ್ದೆ?" ಮಾಲತಿ ಕೇಳಿದಳು. ಧ್ವನಿ ಮೃದುವಾಗಿರಲಿಲ್ಲ.

"ನೀವು ಕಿಟಕಿ ಹಾಕ್ಕೊಂಡ್ರಲ್ಲ."

"ಅದಕ್ಕೆ?"

"ನಾನು ಸುಮ್ನೆ ನೋಡ್ತಾ ನಿಂತಿದ್ದೆ. ಒಳಗೆ ಬಂದಿರ್ಲಿಲ್ಲ. ಮೂರು ಸಲ ಹಾಕಿದ್ರಿ, ನನ್ನ ಮುಖದ ಮೇಲೇ. ನಿಮಗೂ ಬೈಸ್ಬೇಕು ಅನ್ನಿಸ್ತು."

ಅಷ್ಟು ಹೇಳಿ ಹುಡುಗಿ ಓಡಿದಳು.

ಮಾಲತಿ ಒದ್ದೆ ಬಟ್ಟೆ ಹಿಡಿದು ನಿಂತಳು. ಅದು ನಿಜ. ಮೂರು ಭಾನುವಾರ ಕಿಟಕಿಯ ಸರಳುಗಳ ಹಿಂದೆ ಆ ಪುಟ್ಟ ಮುಖ ಕಂಡಿತ್ತು. ಅದು ವೀಣಾಳ ಮಗಳೆಂಬ ಒಂದೇ ಕಾರಣಕ್ಕೆ ಎದ್ದುಹೋಗಿ ಕಿಟಕಿಯ ಬಾಗಿಲು ಎಳೆದಿದ್ದಳು. ಒಳಗಿನ ಮಕ್ಕಳ ನಗು ಅವಳಿಗೆ ಕೇಳಲಿ ಎಂದು ಒಂದು ಸಲ ತಾನೂ ಜೋರಾಗಿ ನಕ್ಕಿದ್ದಳು. ಆಗ ಅದು ಹಿತವಾಗಿತ್ತು. ಈಗ ನೆನೆದಾಗ ನಾಚಿಕೆಯಾಯಿತು.

ಮುಂದಿನ ಭಾನುವಾರ ಯಾವ ಮಗುವೂ ಬರಲಿಲ್ಲ. ಹನ್ನೊಂದರ ಹೊತ್ತಿಗೆ ವೀಣಾ ಮಗಳನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಳು.

"ಇವಳಿಗೆ ಸರಿಯಾಗಿ ಮಾಡೋದು ಹೇಳ್ಕೊಡಿ. ನಿನ್ನೆ ಮತ್ತೆ ಆ ಪುಡಿಗೆ ಅಟ್ಟ ಹತ್ತಿದ್ಲು. ಹೊಡೆದ್ರೂ ಬಿಡಲ್ಲ. ನಿಮ್ಮ ಮೇಲೆ ಪ್ರೀತಿ ಬಂದು ಕರ್ಕೊಂಡು ಬಂದಿಲ್ಲ."

"ಮೊದಲು ಗುಂಪಲ್ಲಿ ಬರಿ."

"ಏನಂತ?"

"ನನ್ನ ಮನೇಲಿ ಆಗಿದ್ದಲ್ಲ ಅಂತ. ನನ್ನ ಕಣ್ಣೆದುರಿಗೇ ಬರಿ."

ವೀಣಾ ತುಟಿ ಕಚ್ಚಿಕೊಂಡು ಫೋನ್ ತೆಗೆದಳು. ಎರಡು ಸಲ ಬರೆದು ಅಳಿಸಿದಳು. ಬರೆದು ಮುಗಿಸಿ ಫೋನನ್ನು ಮಾಲತಿಯ ಮುಖದ ಹತ್ತಿರ ಹಿಡಿದಳು. "ಲಿಖಿತಾಳ ಕೈ ಹಾಳಾಗಿದ್ದು ನಮ್ಮ ಮನೆಯ ಬೋರಾನ್ ಪುಡಿಯಿಂದ. ಮಾಲತಿಯವರ ಸ್ಲೈಮಿನಿಂದ ಅಲ್ಲ." ಕ್ಷಮಿಸಿ ಎಂಬ ಮಾತು ಅದರಲ್ಲಿರಲಿಲ್ಲ.

"ಮಾವ ಹೋದ ದಿನ ಹೇಳಿದ್ದು?" ಎಂದು ಮಾಲತಿ ಕೇಳಿದಳು.

"ಅದು ಸುಳ್ಳಲ್ಲ. ಅವರು ನೀರು ಕೇಳಿದ್ರು, ನಾನು ಓಡಿ ಬರೋಷ್ಟರಲ್ಲಿ ಹೋಗ್ಬಿಟ್ಟಿದ್ರು. ನೀವು ಇರ್ಲಿಲ್ಲ. ಅದನ್ನ ನಾನು ವಾಪಸ್ ತಗೊಳಲ್ಲ."

ಮಾಲತಿಗೆ ಹೇಳಲು ಬೇಕಾದಷ್ಟಿತ್ತು. ಆ ದಿನ ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಎರಡೂವರೆ ಗಂಟೆ ನಿಂತದ್ದು, ಆಮೇಲೆ ಎಷ್ಟೋ ರಾತ್ರಿ ಎಚ್ಚರವಾಗಿದ್ದದ್ದು. ಅದನ್ನೆಲ್ಲ ಇವಳೆದುರು ಹೇಳುವ ಮನಸ್ಸಾಗಲಿಲ್ಲ. ಲಿಖಿತಾಳ ಕಡೆ ತಿರುಗಿ, "ಕೈ ತೋರಿಸು," ಎಂದಳು. ಒಂದೊಂದೇ ಬೆರಳು ಬಿಡಿಸಿ ನೋಡಿದಳು. "ಇನ್ನೂ ಹಸಿ ಇದೆ. ಈ ವಾರ ನೀನು ಮುಟ್ಟೋ ಹಾಗಿಲ್ಲ. ಕೂತು ನೋಡು. ಅಳತೆ ಬಾಯಲ್ಲಿ ಹೇಳು, ನಾನು ಹಾಕ್ತೀನಿ."

ಹುಡುಗಿ ಗೋಡೆಗೆ ಒರಗಿ ದೂರವೇ ಕೂತಳು. ಮಾಲತಿ ಅರ್ಧ ಲೋಟ ಗಮ್ ಸುರಿದಳು.

"ಸೋಡಾ ಎಷ್ಟು?"

"ಎರಡು ಚಮಚ."

"ಜಾಸ್ತಿ ಆಯ್ತು. ಅರ್ಧ. ಹೇಳು."

"ಅರ್ಧ," ಎಂದಳು ಲಿಖಿತಾ ಒಲ್ಲದ ಧ್ವನಿಯಲ್ಲಿ.

ವೀಣಾ ಹೊಸ್ತಿಲ ಹೊರಗೇ ನಿಂತು ಪ್ರತಿ ಚಮಚವನ್ನೂ ನೋಡುತ್ತಿದ್ದಳು. ಮಾಲತಿ ಒಳಗೆ ಬಾ ಎನ್ನಲಿಲ್ಲ. ಲೆನ್ಸಿನ ನೀರಿನ ಬಾಟಲಿ ಎತ್ತಿದಾಗ ವೀಣಾ ಮಗಳನ್ನು ಉದ್ದೇಶಿಸಿ, "ಅದರಲ್ಲಿ ಏನಿದೆ ಅಂತ ಕೇಳು ದೊಡ್ಡಮ್ಮನ್ನ," ಎಂದಳು.

"ಓದ್ಕೊಳಕ್ಕೆ ಹೇಳು ನಿಮ್ಮಮ್ಮಂಗೆ," ಎಂದು ಮಾಲತಿ ಬಾಟಲಿಯನ್ನು ಹೊಸ್ತಿಲ ಕಡೆಗೆ ತಳ್ಳಿದಳು. ವೀಣಾ ಬಗ್ಗಿ ಎತ್ತಿಕೊಂಡು, ಹಿಂದೆ ಬರೆದಿದ್ದ ಸಣ್ಣ ಅಕ್ಷರಗಳನ್ನು ಕೊನೆಯವರೆಗೂ ಓದಿ, ಮತ್ತೆ ಒಳಕ್ಕೆ ತಳ್ಳಿದಳು.

ಅದರ ಮುಂದಿನ ವಾರ ಎದುರು ಮನೆಯ ಇಬ್ಬರು ಮಕ್ಕಳು ಮರಳಿ ಬಂದರು. ಉಳಿದ ನಾಲ್ವರು ಬರಲೇ ಇಲ್ಲ. ಲಿಖಿತಾ ಬಂದು ಗ್ಲೌಸ್ ಹಾಕಿಕೊಂಡು ತಾನೇ ಕಲಸಿದಳು. ಮಾಲತಿಯ ಜೊತೆ ಬೇಕಾದಷ್ಟಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ. ವೀಣಾ ಹಿತ್ತಲಿನಲ್ಲಿ, ಮಾಲತಿಯ ಕಿಟಕಿ ಕಾಣುವ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅರ್ಧ ಬಕೆಟ್ ಬಟ್ಟೆಯನ್ನು ಒಂದು ಗಂಟೆ ಒಗೆದು, ಪಾಠ ಮುಗಿದ ಮೇಲೆ ಮಗಳ ಹೆಸರು ಕೂಗಿ ಕರೆದಳು.